ನಿನ್ನ ನಾಮ, ನಿಮ್ಮ ನಾಮ

(ಜನವರಿಯ ಕ್ರೈಸ್ತ ಐಕ್ಯ ಪ್ರಾರ್ಥನಾ ವಾರದಲ್ಲಿ ಕೋಲಾರದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ಸ್ತೋತ್ರ.

ಹೋದ ವರ್ಷ ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಅವರು ಸಿಎಸ್‌ಐ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆಯವರು. ಮಗಳನ್ನು ಕೊಟ್ಟಿದ್ದು ಕ್ಯಾಥೊಲಿಕ್ ಮನೆಗೆ. ಮಣ್ಣು ಮಾಡುವ ಹೊತ್ತಿಗೆ ಬೀಗರ ಕಡೆಯಿಂದಲೂ ಮೂವತ್ತು ನಲವತ್ತು ಜನ ಬಂದು ಗುಂಡಿಯ ಸುತ್ತ ನಿಂತಿದ್ದರು. ಸಿಎಸ್‌ಐ ಪಾದ್ರಿ ಅಯ್ಯನವರು, 'ಕರ್ತನು ಕಲಿಸಿದ ಪ್ರಾರ್ಥನೆ ಹೇಳೋಣ' ಅಂದರು.

ಶುರುವಾಯಿತು. ಎರಡನೇ ಮಾತಿಗೇ ತೊಡಕು. ಈ ಕಡೆಯವರು 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಅಂದರೆ, ಆ ಕಡೆಯವರು 'ನಿಮ್ಮ ನಾಮ ಪೂಜಿತವಾಗಲಿ' ಅಂದರು. ಇವರದು ಉದ್ದ, ಅವರದು ಗಿಡ್ಡ. ಅವರು ರಾಜ್ಯಕ್ಕೆ ಹೋಗಿ ಕಾಯುತ್ತಿದ್ದರೆ ಇವರು ಇನ್ನೂ ನಾಮದಲ್ಲೇ ಇದ್ದರು. ದನಿ ತಗ್ಗಿತು. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ಹೇಗೋ ಕೊನೆಗೆ ಬಂದೆವು. ಅಲ್ಲಿ ಅವರು ಆಮೆನ್ ಹೇಳಿ ನಿಲ್ಲಿಸಿದರು. ಇವರು 'ರಾಜ್ಯವೂ ಬಲವೂ ಮಹಿಮೆಯೂ' ಅಂತ ಮುಂದುವರಿಸಿದರು. ಸತ್ತವರ ಮಗಳು ಗುಂಡಿಯ ತಲೆಯ ಕಡೆ ನಿಂತಿದ್ದಳು. ಹುಟ್ಟಿದ ಮನೆಯಲ್ಲಿ ಒಂದು ರೀತಿ ಕಲಿತಿದ್ದಳು, ಸೇರಿದ ಮನೆಯಲ್ಲಿ ಇನ್ನೊಂದು ರೀತಿ. ಅವಳ ತುಟಿ ಎರಡೂ ಕಡೆ ಹೋಗಿ, ಮಧ್ಯದಲ್ಲೇ ನಿಂತುಬಿಟ್ಟಿತು.

ಅವತ್ತಿನಿಂದ ಇದೇ ನನ್ನ ತಲೆಯಲ್ಲಿದೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ದೇವಶಾಸ್ತ್ರ ಓದಿದವನಲ್ಲ. ಆದರೆ 'ನಿನ್ನ', 'ನಿಮ್ಮ' ಅನ್ನೋದರ ವ್ಯತ್ಯಾಸ ಗೊತ್ತು. ನಮ್ಮ ಕಡೆ ಮಕ್ಕಳು ಅಮ್ಮನನ್ನು 'ನೀನು' ಅನ್ನುತ್ತಾರೆ, ಅಪ್ಪನನ್ನು 'ನೀವು' ಅನ್ನುತ್ತಾರೆ. ಒಂದರಲ್ಲಿ ಸಲಿಗೆ, ಇನ್ನೊಂದರಲ್ಲಿ ಮರ್ಯಾದೆ. ಅಮ್ಮನ ಮೇಲೆ ಮರ್ಯಾದೆ ಇಲ್ಲ, ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತ ಯಾರಾದರೂ ಹೇಳುತ್ತಾರಾ? ದೇವರನ್ನು ಒಂದು ಸಭೆ ಅಮ್ಮನ ಹಾಗೆ ಕರೆಯಿತು, ಇನ್ನೊಂದು ಸಭೆ ಅಪ್ಪನ ಹಾಗೆ ಕರೆಯಿತು. ಕರೆದದ್ದು ಒಬ್ಬನನ್ನೇ.

ನನ್ನದೇ ಮನೆಯ ವಿಷಯ ಹೇಳುತ್ತೇನೆ. ಅಪ್ಪ ತುಮಕೂರು ಜಿಲ್ಲೆ, ಗುಬ್ಬಿ ಕಡೆಯವರು. ಅಮ್ಮ ಇದೇ ಕೋಲಾರದವರು. ಕೆಲಸ ಸಿಕ್ಕಿ ನಾನು ಉಳಿದುಕೊಂಡದ್ದು ಚಿಕ್ಕಬಳ್ಳಾಪುರದಲ್ಲಿ. ಮೂರು ಜಿಲ್ಲೆ ಸೇರಿ ಒಂದು ಮನೆ. ಈ ಮೂರು ಊರಿಗೆ ಸುವಾರ್ತೆ ಬಂದದ್ದು ಮೂರು ಬೇರೆ ಬೇರೆ ದಾರಿಯಲ್ಲಿ. ಗುಬ್ಬಿಗೆ 1837ರಲ್ಲಿ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್‌ನವರು. ಚಿಕ್ಕಬಳ್ಳಾಪುರದ ಕಡೆ ಕೆಲಸ ಮಾಡಿದವರು ಲಂಡನ್ ಮಿಷನ್‌ನವರು. ಅಲ್ಲಿನ ಮಿಷನ್ ಆಸ್ಪತ್ರೆ ಅವರು ಶುರು ಮಾಡಿದ್ದು. ಇನ್ನು ಕೋಲಾರದ ಕಥೆ ನಿಮಗೆ ಗೊತ್ತಿದೆ. 1876ರಿಂದ 78ರವರೆಗಿನ ಆ ಭಯಂಕರ ಬರಗಾಲ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ಅನ್ನುವ ಒಬ್ಬ ಹೆಣ್ಣುಮಗಳು ಇಲ್ಲಿ ಸಾಕಿದರು. 1890ರ ಸುಮಾರಿಗೆ ಆ ಕೆಲಸವನ್ನು ಅಮೆರಿಕನ್ ಮೆಥಡಿಸ್ಟರ ಕೈಗೆ ಒಪ್ಪಿಸಿದರು. ಇಟಿಸಿಎಂ ಆಸ್ಪತ್ರೆ, ಮೆಥಡಿಸ್ಟ್ ಸ್ಕೂಲು ಎಲ್ಲ ಆ ಬೇರಿನಿಂದ ಬಂದ ಚಿಗುರು.

ಮಿಷನ್‌ಗಳು ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕಾಲಿಡಬಾರದು ಅಂತ ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಊರುಗಳನ್ನು ಹಂಚಿಕೊಂಡಿದ್ದರು. ಅಂದರೆ ನಮ್ಮ ಅಜ್ಜ ಅಜ್ಜಿಯರು ಪುಸ್ತಕ ಓದಿ, ತೂಗಿ ನೋಡಿ, 'ನಾನು ವೆಸ್ಲಿಯನ್ ಆಗುತ್ತೇನೆ', 'ನಾನು ಲಂಡನ್ ಮಿಷನ್ ಸೇರುತ್ತೇನೆ' ಅಂತ ಆರಿಸಿಕೊಂಡವರಲ್ಲ. ಯಾವ ಊರಿನಲ್ಲಿದ್ದರೋ ಆ ಊರಿಗೆ ಬಂದವರ ಸಭೆ. ಅವರು ನಂಬಿದ್ದು ಯೇಸುವನ್ನು. ಸಭೆಯ ಹೆಸರು ಊರಿನ ಜೊತೆ ಬಂತು. ಇವತ್ತು ನಾವು ಆ ಹೆಸರನ್ನು ಹಿಡಿದುಕೊಂಡು 'ನಮ್ಮ ಪದ್ಧತಿ', 'ನಿಮ್ಮ ಪದ್ಧತಿ' ಅಂತ ಜಗಳ ಆಡುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಈ ಸಂಕಟ ನಮಗಿಂತ ಮುಂಚೆ ಇನ್ನೊಬ್ಬರಿಗೆ ಆಗಿತ್ತು. ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಅವರೂ ಸೇರಿ 30ಕ್ಕೂ ಹೆಚ್ಚು ಬೋಧಕರು ಕುಳಿತರು. ಒಬ್ಬಿಬ್ಬರು ಬಿಟ್ಟರೆ ಎಲ್ಲರೂ ನಮ್ಮ ದೇಶದವರೇ. ಅವರು ಹೊರಡಿಸಿದ ಹೇಳಿಕೆಯ ಸಾರ ಇಷ್ಟು: ಈ ಒಡಕುಗಳನ್ನು ಮಾಡಿದವರು ನಾವಲ್ಲ, ಇವು ಹೊರಗಿನಿಂದ ನಮ್ಮ ಮೇಲೆ ಬಂದು ಕೂತವು, ಇವನ್ನು ಮುಂದುವರಿಸುವ ಆಸೆ ನಮಗಿಲ್ಲ. ಎಂಥ ದಿಟ್ಟ ಮಾತು ನೋಡಿ. ಸಂಬಳ ಬರುತ್ತಿದ್ದದ್ದು ಹೊರದೇಶದ ಮಿಷನ್‌ಗಳಿಂದ, ಆ ಕಾಲದಲ್ಲಿ ಈ ಮಾತು!

ಮಾತು ಆಡಿದ್ದು ಎರಡು ದಿನದಲ್ಲಿ. ಕೆಲಸ ಆಗುವುದಕ್ಕೆ 28 ವರ್ಷ ಹಿಡಿಯಿತು. ಬಿಷಪ್ ಇರುವ ಸಭೆ, ಬಿಷಪ್ ಬೇಡ ಅನ್ನುವ ಸಭೆ, ಯಾರ ಕೈಯಿಂದ ಅಭಿಷೇಕ ಆದವರು ಕರ್ತನ ಭೋಜನ, ಅಂದರೆ ಆರಾಧನೆಯ ರೊಟ್ಟಿ ದ್ರಾಕ್ಷಾರಸ, ಕೊಡಬಹುದು ಅನ್ನುವ ಪ್ರಶ್ನೆ. ವರ್ಷಗಟ್ಟಲೆ ಚರ್ಚೆ. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. ತಾವು ಬಿತ್ತಿದ್ದರ ಫಲ ನೋಡಲಿಲ್ಲ. 1947ರ ಸೆಪ್ಟೆಂಬರ್ 27, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ. ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಅದಕ್ಕೂ ಮೊದಲೇ ಒಂದಾಗಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಸೇರಿ ಸಿಎಸ್‌ಐ ಆಯಿತು. ಬಿಷಪ್ ಇರುವ ಸಭೆಗಳೂ ಇಲ್ಲದ ಸಭೆಗಳೂ ಹೀಗೆ ಒಂದಾದದ್ದು ಪ್ರಪಂಚದಲ್ಲಿ ಅದೇ ಮೊದಲು. ನಮ್ಮ ದಕ್ಷಿಣ ಭಾರತದವರು ಮಾಡಿ ತೋರಿಸಿದ್ದು ಅದು. ನಮ್ಮ ಯುವಕರಿಗೆ ಇದನ್ನು ಸಂಡೇ ಸ್ಕೂಲಿನಲ್ಲಿ ಹೇಳಿಕೊಡುವುದೇ ಇಲ್ಲ, ಅದು ನನಗೆ ಬೇಜಾರು.

ಅವತ್ತು ಅಪ್ಪನ ಗುಬ್ಬಿ ಕಡೆಯ ವೆಸ್ಲಿಯನ್ನರು ಮತ್ತು ಚಿಕ್ಕಬಳ್ಳಾಪುರದ ಲಂಡನ್ ಮಿಷನ್‌ನವರು ಒಂದಾದರು. ಅಮ್ಮನ ಕೋಲಾರದವರು ಮಾತ್ರ ಹೊರಗೆ ಉಳಿದರು. ಇಲ್ಲಿನವರೂ ಮೆಥಡಿಸ್ಟರು, ಅಲ್ಲಿನವರೂ ಮೆಥಡಿಸ್ಟರು. ಇಬ್ಬರಿಗೂ ಮೂಲಪುರುಷ ಅದೇ ಜಾನ್ ವೆಸ್ಲಿ. ಆದರೆ ಅವರ ಮಿಷನ್ ಬಂದದ್ದು ಇಂಗ್ಲೆಂಡಿನಿಂದ, ಇವರದು ಅಮೆರಿಕದಿಂದ. ಇವರ ಆಡಳಿತ ಬೇರೆ, ವ್ಯವಸ್ಥೆ ಬೇರೆ. ನಂಬಿಕೆಯಲ್ಲಿ ಕೂದಲಿನಷ್ಟೂ ವ್ಯತ್ಯಾಸ ಇಲ್ಲದವರು ಹಡಗು ಬೇರೆ ಆದದ್ದಕ್ಕೆ ಬೇರೆಯಾಗಿ ಉಳಿದರು. ಅಮ್ಮ ಮದುವೆಯಾಗಿ ಬಂದಾಗ ಅತ್ತೆ ಮನೆಯ ಸಭೆಯಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಹಾಡೂ ಇರಲಿಲ್ಲವಂತೆ. 'ಪುಸ್ತಕದಲ್ಲಿ ನಂಬರು ಮಾತ್ರ ಬೇರೆ ಇತ್ತು ಕಣಪ್ಪ' ಅನ್ನುತ್ತಿದ್ದರು.

ಹಾಗಾದರೆ ಬಿಡಬಾರದ್ದು ಯಾವುದು? ಎಲ್ಲವನ್ನೂ 'ಪರವಾಗಿಲ್ಲ' ಅನ್ನೋಕೆ ಆಗುತ್ತಾ? ಆಗುವುದಿಲ್ಲ. ಒಗ್ಗಟ್ಟು ಅಂದರೆ ಎಲ್ಲವನ್ನೂ ಸೇರಿಸಿ ಕಲಸುಮೇಲೋಗರ ಮಾಡುವುದಲ್ಲ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೆಗೆದು ನೋಡಿ. ತನಗೆ ಬೇರೆಯವರಿಂದ ಸಿಕ್ಕಿದ್ದನ್ನು ನಿಮಗೆ ಒಪ್ಪಿಸಿದೆ ಅನ್ನುತ್ತಾನೆ. ಏನದು? ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಅವನನ್ನು ಹೂಣಿಟ್ಟರು, ಮೂರನೇ ದಿನ ಅವನು ಎದ್ದನು, ಕೇಫನಿಗೂ (ಪೇತ್ರನ ಇನ್ನೊಂದು ಹೆಸರು) ಹನ್ನೆರಡು ಮಂದಿಗೂ ಕಾಣಿಸಿಕೊಂಡನು. ಅಷ್ಟೇ. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದು. ಇದೇ ಪತ್ರದ ಶುರುವಿನಲ್ಲಿ ಅದೇ ಜನ 'ನಾನು ಪೌಲನವನು', 'ನಾನು ಅಪೊಲ್ಲೋಸನವನು', 'ನಾನು ಕೇಫನವನು' ಅಂತ ಪಂಗಡ ಕಟ್ಟಿಕೊಂಡಿದ್ದರು. ಪಂಗಡ ಕಟ್ಟಿಕೊಂಡವರಿಗೇ ಪೌಲ ಈ ನಾಲ್ಕು ಮಾತನ್ನು ನೆನಪಿಸಿದ್ದು.

ಆಮೇಲೆ ಪ್ರಶ್ನೆ ಬಂತು: ಸತ್ತು ಎದ್ದ ಈ ಯೇಸು ಯಾರು? ಅಲೆಕ್ಸಾಂಡ್ರಿಯಾದ ಆರಿಯಸ್ ಅನ್ನುವ ಪಾದ್ರಿ, ಮಗನು ಎಷ್ಟೇ ದೊಡ್ಡವನಾದರೂ ತಂದೆ ಉಂಟುಮಾಡಿದವನು, ಅವನಿಲ್ಲದ ಒಂದು ಸಮಯ ಇತ್ತು ಅಂತ ಕಲಿಸಿದ. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನಿಕೇಯ ಪಟ್ಟಣದಲ್ಲಿ ಬಿಷಪ್ಪರ ಸಭೆ ಕರೆಸಿದ. ಇವತ್ತಿನ ತುರ್ಕಿಯ ಇಜ್ನಿಕ್ ಊರು ಅದು. ಅಲ್ಲಿ ತೀರ್ಮಾನ ಆಯಿತು: ತಂದೆಯ ಸತ್ವವೇ ಮಗನ ಸತ್ವ. ಅದಕ್ಕೆ ಬಳಸಿದ ಗ್ರೀಕ್ ಪದ ಹೋಮೊಊಸಿಯೊಸ್. ಮುಂದಿನ ದಶಕಗಳಲ್ಲಿ ಕೆಲವರು ಅದರ ಮಧ್ಯೆ ಒಂದು 'ಇ' ಸೇರಿಸಿ, 'ಒಂದೇ ಸತ್ವ' ಬೇಡ, 'ಅಂಥದೇ ಸತ್ವ' ಅಂದರೆ ಸಾಕು ಅಂದರು. ಒಂದು ಅಕ್ಷರಕ್ಕೆ ಇಷ್ಟು ರಂಪಾಟವೇ ಅಂತ ಓದಿದವರು ಕೂಡ ಕೇಳುತ್ತಾರೆ. ಕನ್ನಡ ಮೇಷ್ಟ್ರಾಗಿ ನಾನು ಹೇಳುತ್ತೇನೆ, ಒಂದು ದೀರ್ಘ ಬಿಟ್ಟರೆ 'ಮಾಡಿದ' ಅನ್ನುವುದು 'ಮಡಿದ' ಆಗುತ್ತದೆ. ಅಕ್ಷರ ಸಣ್ಣದು, ಹೋಗುವುದು ಪ್ರಾಣ.

ಇಲ್ಲಿ ಹೋಗುತ್ತಿದ್ದದ್ದೂ ಪ್ರಾಣವೇ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಆಳನ್ನು ಕಳಿಸುವುದು ಬೇರೆ, ತಾನೇ ಬಂದು ಜಗುಲಿ ಮೇಲೆ ಕೂರುವುದು ಬೇರೆ. ಎಷ್ಟೇ ದೊಡ್ಡ ಆಳನ್ನು ಕಳಿಸಿದರೂ 'ಅವನು ಬರಲಿಲ್ಲ' ಅಂತಲೇ ಜನ ಹೇಳುತ್ತಾರೆ. ಶಿಲುಬೆಯ ಮೇಲೆ ದೇವರು ಯಾರನ್ನೋ ಕಳಿಸಿದನಾ, ಇಲ್ಲಾ ತಾನೇ ಬಂದನಾ? ನಿಕೇಯದವರು 'ತಾನೇ ಬಂದ' ಅಂದರು. ನನ್ನ ನಂಬಿಕೆ ಪೂರ್ತಿ ನಿಂತಿರುವುದು ಆ ಮಾತಿನ ಮೇಲೆ. ಅದು ಹೋದರೆ ನನ್ನ ಹತ್ತಿರ ಉಳಿಯುವುದು ಒಳ್ಳೆಯ ಬುದ್ಧಿಮಾತು ಮಾತ್ರ.

381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ವಿಶ್ವಾಸ ಪ್ರಮಾಣ ಇನ್ನಷ್ಟು ಬೆಳೆಯಿತು. ಇವತ್ತು ಕ್ಯಾಥೊಲಿಕರು, ಆರ್ಥೊಡಾಕ್ಸರು, ಸಿಎಸ್‌ಐ, ಮೆಥಡಿಸ್ಟ್, ಲೂಥರನ್ ಎಲ್ಲರೂ ಒಪ್ಪುವುದು ಅದನ್ನೇ. ಪವಿತ್ರಾತ್ಮನು 'ತಂದೆಯಿಂದ' ಬರುತ್ತಾನೋ 'ತಂದೆಯಿಂದಲೂ ಮಗನಿಂದಲೂ' ಬರುತ್ತಾನೋ ಅನ್ನುವ ಒಂದು ಮಾತು ಬಿಟ್ಟರೆ. 2025ಕ್ಕೆ ನಿಕೇಯಕ್ಕೆ 1700 ವರ್ಷ ತುಂಬಿತು. ಆ ವರ್ಷ ಪೂರ್ವದ ಸಭೆಗಳಿಗೂ ಪಶ್ಚಿಮದ ಸಭೆಗಳಿಗೂ ಈಸ್ಟರ್ ಒಂದೇ ದಿನ ಬಿತ್ತು, ಏಪ್ರಿಲ್ 20. ಅದು ಪಂಚಾಂಗದ ಲೆಕ್ಕ ಅಷ್ಟೇ, ಆದರೂ ನನಗೆ ತುಂಬಾ ಖುಷಿಯಾಯಿತು.

ಇದು ನಡುವಿನ ಕಂಬ. ಇದರ ಸುತ್ತ ಇರುವುದೆಲ್ಲ ಒಂದೇ ತೂಕದ್ದಲ್ಲ. ಇದನ್ನು ನಾನೇ ಹೇಳುತ್ತಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಐಕ್ಯದ ಬಗ್ಗೆ ಹೊರಡಿಸಿದ ಆದೇಶವೇ ಹೇಳುತ್ತದೆ, ಸತ್ಯಗಳಲ್ಲಿ ಮೇಲು ಕೆಳಗಿನ ಒಂದು ಕ್ರಮ ಇದೆ, ಬುಡಕ್ಕೆ ಎಷ್ಟು ಹತ್ತಿರ ಅನ್ನುವುದರ ಮೇಲೆ ಅದು ನಿಲ್ಲುತ್ತದೆ ಅಂತ.

ನಮ್ಮ ಚಿಕ್ಕಮ್ಮ ಒಬ್ಬರು ಪೆಂತೆಕೋಸ್ತ ಸಭೆಗೆ ಹೋಗಲು ಶುರು ಮಾಡಿದ ಮೇಲೆ ಬಳೆ, ಓಲೆ ತೆಗೆದರು. ಅಮ್ಮ ಭಾನುವಾರ ಕನಕಾಂಬರ ಮುಡಿಯದೆ ಗುಡಿಗೆ ಹೋದವರಲ್ಲ. ಅಕ್ಕತಂಗಿಯರು ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. 'ಲೋಕದವಳು' ಅಂತ ಇವರು, 'ಬೋಳು ಕೈ ಮಾಡಿಕೊಂಡಳು' ಅಂತ ಅವರು. ಆಮೇಲೆ ಚಿಕ್ಕಮ್ಮನಿಗೆ ಆಪರೇಷನ್ ಆಯಿತು. ಅಮ್ಮ ಆಸ್ಪತ್ರೆಯಲ್ಲಿ ಹದಿನೈದು ದಿನ ಅವರ ಹತ್ತಿರ ಮಲಗಿದರು. ಒಂದು ಸಂಜೆ ನಾನು ಗಂಜಿ ತೆಗೆದುಕೊಂಡು ಹೋದಾಗ ಚಿಕ್ಕಮ್ಮ ಮಲಗಿದಲ್ಲಿಂದಲೇ ಅಮ್ಮನ ಜಡೆ ಹೆಣೆಯುತ್ತಿದ್ದರು. ಹೂವನ್ನು ತಾವೇ ಮುಡಿಸಿದರು. ರೋಮಾದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇದೇ ತಾನೇ? ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ ತಿನ್ನುತ್ತಾನೆ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು.

ಬಳೆ ಹೂವಿನ ಮಾತು ಸುಲಭ. ಕಷ್ಟದ ಮಾತುಗಳೂ ಇವೆ. ಕೂಸಿಗೆ ದೀಕ್ಷಾಸ್ನಾನ ಕೊಡಬಹುದಾ, ದೊಡ್ಡವರಾಗಿ ಮುಳುಗಿಸಿದರೆ ಮಾತ್ರವಾ? ಪೋಪರ ಅಧಿಕಾರ, ಮಾತೆ ಮರಿಯಳ ಬಗ್ಗೆ ಬೋಧನೆ. ಎಲ್ಲಕ್ಕಿಂತ ನೋವಿನದು, ಒಂದೇ ಬೆಂಚಿನಲ್ಲಿ ಕೂತವರು ಒಂದೇ ಮೇಜಿನಿಂದ ರೊಟ್ಟಿ ತೆಗೆದುಕೊಳ್ಳೋಕೆ ಆಗದಿರುವುದು. ಇವನ್ನು ಸುಮ್ನೆ ಮುಚ್ಚಿಟ್ಟರೆ ಮಾಯುವುದಿಲ್ಲ. ಕೂತು ಮಾತಾಡಬೇಕು. ಮಾತಾಡಿದರೆ ದಾರಿ ಆಗುತ್ತದೆ ಅನ್ನೋದಕ್ಕೆ ಸಾಕ್ಷಿ ಇದೆ. ಲೂಥರನ ಕಾಲದಲ್ಲಿ ಯೂರೋಪನ್ನೇ ಸೀಳಿದ ಪ್ರಶ್ನೆ, ಮನುಷ್ಯ ದೇವರ ಮುಂದೆ ನೀತಿವಂತ ಆಗುವುದು ಹೇಗೆ ಅನ್ನುವುದು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಲೂಥರನ್ನರು ಅದರ ಮುಖ್ಯ ಅಂಶಗಳ ಬಗ್ಗೆ ಒಂದೇ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು. ಐದು ಶತಮಾನಕ್ಕೆ ಹತ್ತಿರವಾದ ಜಗಳ ಅದು.

ಆದರೆ ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಗಳಲ್ಲಿ ನಮ್ಮನ್ನು ಜಾಸ್ತಿ ಒಡೆದಿರುವುದು ಇದ್ಯಾವುದೂ ಅಲ್ಲ. ಹೇಳಲೋ ಬೇಡವೋ ಅಂತ ಬಸ್ಸಿನಲ್ಲಿ ಬರುವಾಗ ಯೋಚಿಸುತ್ತಿದ್ದೆ. ಹೇಳಿಬಿಡುತ್ತೇನೆ. ಜಾತಿ.

ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಒಂದು ಊಟದ ಪ್ರಸಂಗ ಇದೆ. ಅಂತಿಯೋಕ್ಯದಲ್ಲಿ ಯೆಹೂದ್ಯನಾದ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯ ಯೆಹೂದ್ಯರು ಬಂದರು ನೋಡಿ, ಮೆಲ್ಲಗೆ ಹಿಂದೆ ಸರಿದ. ಬಾಯಿಂದ ಏನೂ ತಪ್ಪು ಹೇಳಲಿಲ್ಲ. ಯಾವ ಬೋಧನೆಯನ್ನೂ ಬದಲಿಸಲಿಲ್ಲ. ಪಂಕ್ತಿ ಬದಲಿಸಿದ, ಅಷ್ಟೇ. ಪೌಲ ಎಲ್ಲರ ಮುಂದೆಯೇ ಅವನನ್ನು ತಡೆದ, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡತೆ ಅಲ್ಲ ಅಂದ. ಊಟದ ಪಂಕ್ತಿಯನ್ನು ಪೌಲ ಶಿಷ್ಟಾಚಾರದ ಮಾತಾಗಿ ನೋಡಲಿಲ್ಲ, ಸುವಾರ್ತೆಯ ಮಾತಾಗಿ ನೋಡಿದ.

ನಮ್ಮಲ್ಲಿ ಏನಾಗುತ್ತದೆ? ಒಂದೇ ಬಟ್ಟಲಿನಿಂದ ಕುಡಿಯುತ್ತೇವೆ. ಮದುವೆ ಮಾತು ಬಂದ ತಕ್ಷಣ 'ಅವರು ಯಾವ ಕಡೆಯವರು?' ಅಂತ ಮೆಲ್ಲಗೆ ಕೇಳುತ್ತೇವೆ. ಸಭೆಯ ಕಮಿಟಿ ಚುನಾವಣೆ ಬಂದರೆ ಲೆಕ್ಕ ಹಾಕುತ್ತೇವೆ. ಅದರ ಮೇಲೆ ಭಾಷೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಕೆಜಿಎಫ್ ಕಡೆ ತಮಿಳು. ಸಂತೆಯಲ್ಲಿ ಯಾರಿಗೂ ಕಷ್ಟ ಆಗದ ಈ ಭಾಷೆಗಳು ಗುಡಿಯಲ್ಲಿ ಮಾತ್ರ ಯಾಕೆ ಗೋಡೆ ಆಗಬೇಕು?

ನಮ್ಮ ದೊಡ್ಡಪ್ಪನ ವಿಷಯ ಹೇಳಿ ಮುಗಿಸುತ್ತೇನೆ. ಕೊನೆಯ ನಾಲ್ಕೈದು ವರ್ಷ ಅವರು ಮನೆ ಹತ್ತಿರದ ಒಂದು ಸಣ್ಣ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದರು. ಮಂಡಿ ನೋವು, ದೂರ ನಡೆಯೋಕೆ ಆಗುತ್ತಿರಲಿಲ್ಲ. ತೀರಿಕೊಂಡಾಗ ಅವರ ಹಳೆಯ ಸಭೆಯವರು ಸಮಾಧಿ ಜಾಗ ಕೊಡುವುದಿಲ್ಲ ಅಂದರು. 'ಸದಸ್ಯತ್ವ ಚಾಲ್ತಿಯಲ್ಲಿಲ್ಲ, ಚಂದಾ ಕಟ್ಟಿಲ್ಲ.' ಆ ಕೂಟಕ್ಕೆ ಸಮಾಧಿ ಜಾಗವೇ ಇರಲಿಲ್ಲ. ಅವರ ಹೆಂಡತಿಯನ್ನು ಮಣ್ಣು ಮಾಡಿದ್ದು ಅದೇ ಹಳೆಯ ಜಾಗದಲ್ಲಿ. ಬೆಳಗ್ಗೆಯಿಂದ ಸಾಯಂಕಾಲದವರೆಗೆ ಹೆಣ ಮನೆಯಲ್ಲಿ, ನಾವು ಬಾಗಿಲಿಂದ ಬಾಗಿಲಿಗೆ. ಕೊನೆಗೆ ಇನ್ನೊಂದು ಸಭೆಯವರು, ನಮ್ಮ ಪರಿಚಯವೇ ಇಲ್ಲದವರು, 'ನಮ್ಮಲ್ಲಿಗೆ ತನ್ನಿ' ಅಂದರು. ಗುಂಡಿ ತೆಗೆಯುವ ಹುಡುಗರು ಲಾಟೀನು ಹಿಡಿದುಕೊಂಡು ಕೆಲಸ ಮಾಡಿದರು. ಗಂಡ ಹೆಂಡತಿ ಈಗ ಊರಿನ ಎರಡು ಕೊನೆಯಲ್ಲಿ ಮಲಗಿದ್ದಾರೆ.

ಆದ್ದರಿಂದ ಇಲ್ಲಿ ಬಂದಿರುವ ಸಭಾಪಾಲಕರಿಗೆ, ಫಾದರ್‌ಗಳಿಗೆ, ಕಮಿಟಿಯವರಿಗೆ ನಾನು ಕೇಳಿಕೊಳ್ಳುವುದು ಒಂದೇ. ದೊಡ್ಡ ದೊಡ್ಡ ಐಕ್ಯದ ಮಾತು ದೊಡ್ಡವರು ಆಡಲಿ. ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಆದ ಯಾರಿಗೂ ಈ ಜಿಲ್ಲೆಯಲ್ಲಿ ಆರಡಿ ಜಾಗ ಇಲ್ಲ ಅನ್ನುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಈ ವರ್ಷವೇ ಹಾಕಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಒಂದನ್ನು ಇಲ್ಲಿ ಬರೆಯಲೇಬೇಕು. ಇಪ್ಪತ್ತೈದು ಇಪ್ಪತ್ತಾರರ ಹುಡುಗ ಎದ್ದು ನಿಂತ.

'ಸಾರ್, ನಾವು ಕ್ಯಾಥೊಲಿಕ್. ನಾನು ಮದುವೆ ಆಗಬೇಕು ಅಂತಿರುವ ಹುಡುಗಿ ಸಿಎಸ್‌ಐ. ಅವಳು ಮತ್ತೆ ದೀಕ್ಷಾಸ್ನಾನ ತಗೋಬೇಕು ಅಂತ ನಮ್ಮ ನೆಂಟರೊಬ್ಬರು ಹೇಳ್ತಿದ್ದಾರೆ. ಅವಳಿಗೆ ಅದು ತುಂಬಾ ನೋವಾಗಿದೆ.'

ನಾನು ಮುಂದಿನ ಸಾಲಿನಲ್ಲಿದ್ದ ಫಾದರ್ ಕಡೆ ನೋಡಿದೆ. ಅವರೇ ಎದ್ದು ಉತ್ತರ ಕೊಟ್ಟರು. 'ಬೇಡಪ್ಪ. ನೀರಿನಿಂದ, ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ಆಗಿದ್ದರೆ ಆಯಿತು. ದೀಕ್ಷಾಸ್ನಾನ ಒಂದೇ ಸಲ. ನಿಮ್ಮ ಮದುವೆಗೆ ಬಿಷಪ್ಪರ ಅನುಮತಿ ಬೇಕು. ಮಕ್ಕಳ ವಿಷಯದಲ್ಲಿ ನೀನು ಒಂದು ಮಾತು ಕೊಡಬೇಕಾಗುತ್ತದೆ, ಅದು ಅವಳಿಗೂ ಗೊತ್ತಿರಬೇಕು. ಅದನ್ನು ಕೂತು ಮಾತಾಡೋಣ. ಅವಳ ಅಯ್ಯನವರನ್ನೂ ಕರೆದುಕೊಂಡು ಬಾ. ಆದರೆ ಅವಳಿಗೆ ಇನ್ನೊಂದು ಸಲ ನೀರು ಹಾಕುವ ಅಧಿಕಾರ ನನಗಿಲ್ಲ.'

ಹುಡುಗಿ ಅಲ್ಲೇ ಇದ್ದಳು, ಹೆಂಗಸರ ಕಡೆ ಹಿಂದಿನ ಬೆಂಚಿನಲ್ಲಿ. ಎದ್ದು ಮುಂದೆ ಬಂದಳು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಒಂದು ಹಳೆಯ ಸರ್ಟಿಫಿಕೇಟ್ ತೆಗೆದು ಫಾದರ್ ಕೈಗೆ ಕೊಟ್ಟಳು. ತುಮಕೂರು ಕಡೆಯ ಒಂದು ಹಳ್ಳಿ ಸಭೆಯದು. ಮಡಿಕೆಯಲ್ಲಿ ಹರಿದು ಟೇಪ್ ಹಚ್ಚಿತ್ತು. ಫಾದರ್ ಕನ್ನಡಕ ಹಾಕಿಕೊಂಡು, ದೀಕ್ಷಾಸ್ನಾನ ಕೊಟ್ಟ ಸಾಲಿನ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು.